ನಿಂಬೆವ್ವ ಓದಿದ ಕಂಪ್ಯೂಟರ್ ಪುಸ್ತಕ

ನಾನು ಒಂದು ಪುಸ್ತಕ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯನ್ನು ಹೊಸಬರಿಗೆ ಕಲಿಸಲೆಂದು ನನ್ನನ್ನು ಮಾಡಿದರು. ಅಚ್ಚಿನ ಯಂತ್ರದಿಂದ ಬೆಚ್ಚಗೆ ಹೊರಬಿದ್ದು, ಬೆನ್ನಿಗೆ ಅಂಟು ಬಳಿಸಿಕೊಂಡು, ನೀಲಿ ರಟ್ಟು ಹೊದ್ದು ಹಾವೇರಿಯ ಅಂಗಡಿಗೆ ಬಂದಾಗ ನನಗೂ ಸ್ವಲ್ಪ ಜಂಬವಿತ್ತು. ಕಲಿಸಲು ಹೊರಟವರಿಗೆ ಮೊದಮೊದಲು ಅದು ಇದ್ದದ್ದೇ.

ಮೊದಲು ಕೊಂಡವನು ವಿರೂಪಾಕ್ಷ, ಡಿಪ್ಲೊಮಾ ಓದುವ ಹುಡುಗ. ಕೆಟ್ಟವನಲ್ಲ, ಅಂಜುಬುರುಕ. ಪರೀಕ್ಷೆಯ ಬೆಳಿಗ್ಗೆ ನನ್ನ ನಡುವಿನ ಒಂದು ಪಾಠವನ್ನು ಬುಡದವರೆಗೂ ಹರಿದು, ಮಡಚಿ, ಕಾಲುಚೀಲದೊಳಗೆ ತುರುಕಿಕೊಂಡ. ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವುದು ಹೇಗೆ ಎಂಬ ಪಾಠ ಅದು. ಮುಂದಿನ ಪಾಠಗಳೆಲ್ಲ ಅದರ ಹೆಗಲ ಮೇಲೆ ಕುಳಿತಿದ್ದವು. ಆ ಹಾಳೆಗಳು ಮರಳಿ ಬರಲಿಲ್ಲ. ಅವನು ಪಾಸಾದ, ನನ್ನನ್ನು ಅರ್ಧ ಬೆಲೆಗೆ ಮಾರಿದ.

ಕೊಂಡವಳು ಬ್ಯಾಡಗಿಯ ದಾನೇಶ್ವರಿ, ಅವಳೂ ಕಾಲೇಜು ಹುಡುಗಿ. ಅವಳ ಕಣ್ಣು ಆಗಲೇ ಮಂಜಾಗುತ್ತಿತ್ತು. ಪುಟಕ್ಕೆ ಮೂಗು ತಾಗಿಸಿ ಓದುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ಆಗದಾಯಿತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದರು. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರುಗಳೂ ಇವೆ, ಕಣ್ಣಿಲ್ಲದವರಿಗೂ ಅದರಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಈ ಒಂದು ವಿಷಯ ಪಾಸಾದರೆ ಅವಳು ಕಾಲೇಜಿನಲ್ಲಿ ಉಳಿಯುತ್ತಿದ್ದಳು. ಕರಿಹಲಗೆ ಕಾಣದವಳಿಗೆ ನಾನೇ ಗತಿ.

ಓದಿ ಹೇಳಲು ಕುಳಿತವಳು ತಾಯಿ ನಿಂಬೆವ್ವ. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೂಲಿ. ಚೀಲಗಳ ಮೇಲಿನ ಗುರುತು ನೋಡಿ ನೋಡಿ ಇಂಗ್ಲಿಷ್ ಅಕ್ಷರ ಕಲಿತಿದ್ದಳು, ಪದ ತಿಳಿಯದು. ಊಟದ ಬಿಡುವಿನಲ್ಲಿ ಒಂದೊಂದೇ ಅಕ್ಷರ ಹೇಳುವಳು, ಮಗಳು ಜೋಡಿಸಿಕೊಳ್ಳುವಳು. ಹೆಸರು ಗೊತ್ತಿಲ್ಲದ ಚಿಹ್ನೆಗಳಿಗೆ ತಾನೇ ಹೆಸರಿಟ್ಟಳು: ಬಳುಕಿದ ಆವರಣ ಚಿಹ್ನೆ ಮೀಸಿ, ಅರ್ಧವಿರಾಮ ಬಾಲದ ಚುಕ್ಕಿ.

"ಮೀಸಿ ಶುರುವಾತು... ಪಿ, ಆರ್, ಐ... ಬಾಲದ ಚುಕ್ಕಿ. ಮೀಸಿ ಮುಗೀತು."

ಜೊತೆಯ ಹೆಂಗಸರು ನಗುತ್ತಿದ್ದರು. "ನಿಂಬೆಕ್ಕಾ, ಯಾರ ಮೀಸಿ ಹಿಡಕೊಂಡು ಕುಂತೀಯ? ಕೈಯಾಗ ಖಾರ ಐತಿ ನೋಡ!"

"ಕಂಪ್ಯೂಟರಂದು. ನಿನ್ನ ಗಂಡಂದಲ್ಲ, ಅಂಜಬ್ಯಾಡ."

ಹೊತ್ತು ಉಳಿಯಲೆಂದು ಮಗಳು ಮೊದಲೇ ಹೇಳಿದ್ದಳು: "ಯವ್ವಾ, ಮ್ಯಾಲಿನ ಹಾಳಿ ನಂಬರು, ದೊಡ್ಡಕ್ಷರದಾಗಿನ ಪಾಠದ ಹೆಸರು ಬ್ಯಾಡ. ಒಳಗಿಂದಷ್ಟ ಓದು." ಹಾಗಾಗಿ ಹರಿದ ಜಾಗವನ್ನು ಇಬ್ಬರೂ ಸಲೀಸಾಗಿ ದಾಟಿಬಿಟ್ಟರು. ಅಲ್ಲಿಂದಾಚೆಗೆ ಮಗಳಿಗೆ ಏನೂ ತಿಳಿಯಲಿಲ್ಲ. "ಇನ್ನೊಮ್ಮಿ ಓದು" ಎಂದಳು. ನಿಂಬೆವ್ವ ಗಂಟಲು ಒಣಗುವವರೆಗೆ ಓದಿದಳು. ಮೇಷ್ಟರನ್ನು ಕೇಳಿದರೆ ಅವರು ಮೆತ್ತಗೆ, "ಪುಸ್ತಕದಾಗ ಎಲ್ಲಾ ಐತಿ ತಂಗಿ, ಸಮಾಧಾನದಿಂದ ಓದು" ಎಂದರು. ಅವಳು ನನ್ನನ್ನು ನಂಬಿದಳು.

ಪರೀಕ್ಷೆಯಲ್ಲಿ ಫೇಲಾದಳು. ಮತ್ತೆ ಕಟ್ಟಿದಳು, ಮತ್ತೆ ಫೇಲು.

"ಕಣ್ಣಿನ ಜೋಡಿ ತಲೀನೂ ಹೋಗೇತಿ. ಬಿಡವ್ವ," ಎಂದು ಕಾಲೇಜಿನಿಂದ ಹೆಸರು ತೆಗೆಸಿ, ತಾಯಿಯ ಪಕ್ಕ ತೊಟ್ಟು ಬಿಡಿಸಲು ಕುಳಿತಳು. ಅದಕ್ಕೆ ಬೆರಳು ಸಾಕು. ಯಾರಾದರೂ ಓದಿನ ಬಗ್ಗೆ ಕೇಳಿದರೆ, "ನಾ ದಡ್ಡಿ ಅದೀನ್ರಿ" ಎನ್ನುತ್ತಿದ್ದಳು. ಕೆಲವು ವರ್ಷಗಳಲ್ಲಿ ಅದನ್ನು ನಗುತ್ತಲೇ ಹೇಳುವುದನ್ನು ಕಲಿತಳು.

ಒಂದು ದಿನ ನಿಂಬೆವ್ವ ಒಲೆ ಹೊತ್ತಿಸಲು ನನ್ನನ್ನು ಗೋಡೆಯ ಗೂಡಿನಿಂದ ಕೆಳಗಿಳಿಸಿದಳು. ಒಂದೊಂದೇ ಹಾಳೆ ಹರಿಯುವಾಗ ಅವಳ ಕಣ್ಣು ಮೇಲಿನ ಅಂಕಿಗಳ ಮೇಲೆ ಹೋಯಿತು. ನಡುವೆ ಅಂಕಿ ಹಾರಿತ್ತು. ಬೆರಳಾಡಿಸಿದಾಗ ಅಂಟಿನಲ್ಲಿ ಸಿಕ್ಕಿಕೊಂಡಿದ್ದ ಕಾಗದದ ಚೂರುಗಳು ಸಿಕ್ಕವು.

ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಒಂದು ಕಡ್ಡಿ ಗೀರಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಗೀರಲಿಲ್ಲ.

"ದಾನೀ, ನೀ ದಡ್ಡಿ ಅಲ್ಲವ್ವ. ಪುಸ್ತಕದಾಗ ನಡುವಿನ ಹಾಳಿನ ಇರಲಿಲ್ಲ. ಯಾರೋ ಹರಕೊಂಡಾರ. ನಾ ನೋಡಲಿಲ್ಲ."

ಮನೆಗೆ ತಂದ ಕಾಯಿಯ ತೊಟ್ಟು ಬಿಡಿಸುತ್ತಿದ್ದ ದಾನೇಶ್ವರಿಯ ಕೈ ನಿಂತಿತು.

"ಎಷ್ಟ ಹಾಳಿ?"

"ಎಂಟೋ, ಒಂಬತ್ತೋ."

"ಅಷ್ಟನ?"

ರಾಶಿಯೊಳಗೆ ಕೈ ಹಾಕಿ ಇನ್ನೊಂದು ಕಾಯಿ ತೆಗೆದುಕೊಂಡಳು.

ಅರ್ಧವೇ ಉಳಿದ ನಾನು ಈಗ ಗೂಡಿನ ಮೂಲೆಯಲ್ಲಿದ್ದೇನೆ. ನನ್ನನ್ನು ಯಾರೂ ಸುಡುವುದಿಲ್ಲ, ಯಾರೂ ಮುಟ್ಟುವುದೂ ಇಲ್ಲ. ಓದಿದ್ದು ತಿಳಿಯದಾಗ ಇಲ್ಲದವರ ಮಕ್ಕಳು ಮೊದಲು ತಮ್ಮ ತಲೆಯನ್ನೇ ಬೈದುಕೊಳ್ಳುತ್ತಾರೆ. ಪುಸ್ತಕವನ್ನೂ ಒಮ್ಮೆ ಅನುಮಾನಿಸಬಹುದು ಎಂದು ಅವರಿಗೆ ಯಾರಾದರೂ ಹೇಳಬೇಕು. ಅದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.