ಇಳಿಸುವ ಮಟ್ಟು

ಅಪ್ಪನ ಬಲಗೈಯನ್ನು ಚಿನ್ನರಾಜ್ ಎರಡು ಸಲ ಎದೆಯ ಮೇಲಿಟ್ಟ. ಎರಡು ಸಲವೂ ಅದು ಜಾರಿ ಪಕ್ಕಕ್ಕೆ ಬಿತ್ತು. ತಂಗಿ ಮುನಿಲಕ್ಷ್ಮಿ ಹಳೆಯ ಪಂಚೆಯಿಂದ ಒಂದು ಪಟ್ಟಿ ಹರಿದು ಕೊಟ್ಟಳು. ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ ಮೇಲೆ ಕೈ ಹೇಳಿದ ಮಾತು ಕೇಳಿತು. ಐವತ್ತು ವರ್ಷ ಡೊಳ್ಳು ಬಾರಿಸಿದ ಕೈ ಅದು. ತೋರುಬೆರಳಿನ ಬುಡದಲ್ಲಿ ಕೋಲು ಉಜ್ಜಿ ಆದ ಗಂಟು ಹುಣಸೆಬೀಜದ ಹಾಗಿತ್ತು. ಮೈಯೆಲ್ಲ ತಣ್ಣಗಾಗಿದ್ದರೂ ಆ ಗಂಟು ಮಾತ್ರ ಯಾವಾಗಲೂ ಇದ್ದ ಹಾಗೇ ಇತ್ತು.

"ನೀರಾಕಿದ್ದು ಸಾಕು, ಮೈ ಒರೆಸ್ರಲಾ," ಎಂದ ಮಾದಯ್ಯ. ಸತ್ತ ಮಾರಿಯಪ್ಪನ ಡೊಳ್ಳಿಗೆ ನಲವತ್ತು ವರ್ಷ ತಾಳ ಹಾಕಿದ ಮುದುಕ. ಮಾರಿಯಪ್ಪನ ಹೆಂಡತಿ ರಾಜಾತಿಗೆ ದೂರದ ಅಣ್ಣ. "ಗಂಟೆ ಎರಡಾಯ್ತು. ಎಲ್ಲಾ ಸರಿ, ಇಳಿಸೋ ಮಟ್ಟು ಬಾರ್ಸೋಕೆ ಏನ್ಮಾಡೋದು?"



ತಮಿಳು ಸೀಮೆಯ ಪಾಲಮಲೆಯ ಬುಡದ ಆ ಊರಿನಲ್ಲಿ ಡೊಳ್ಳಿಲ್ಲದೆ ಯಾರನ್ನೂ ಮಣ್ಣಿಗೆ ಕೊಟ್ಟಿದ್ದಿಲ್ಲ. ಹೆಣ ಅಂಗಳ ದಾಟುವಾಗ ಶುರುವಾಗುವ ಮಟ್ಟು ದಾರಿಯುದ್ದಕ್ಕೂ ಸುತ್ತಿ ಸುತ್ತಿ ಗುಂಡಿಯ ಅಂಚಿಗೆ ಬರುತ್ತದೆ. ಅಲ್ಲಿ ಕೊನೆಗೆ ಮೂರು ಏಟು. ಆ ಮೂರು ಏಟಿಗೆ ಹೆಣ ಹೆಗಲಿನಿಂದ ಇಳಿಯಬೇಕು. ಮಣ್ಣಿನ ಹತ್ತಿರ ಹೆಂಗಸರು ಹೋಗುವುದಿಲ್ಲ. ಸತ್ತವನ ಹೆಂಡತಿ ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿರುತ್ತಾಳೆ. ಮೂರು ಏಟು ಕಿವಿಗೆ ಬಿದ್ದ ಮೇಲೆ ಅವಳು ಕೊಡ ಮಗುಚಬೇಕು. ಆಮೇಲೆ ಕೂತು ಅಳಬಹುದು. ಇದೆಲ್ಲ ಎಂದಿನಿಂದ ಹೀಗಿತ್ತೋ ಗೊತ್ತಿಲ್ಲ. ಆ ಮಟ್ಟು ಬಲ್ಲವನು ಮಾತ್ರ ಮಾರಿಯಪ್ಪ ಒಬ್ಬನೇ. ಊರಿನ ಎಲ್ಲರನ್ನೂ ಇಳಿಸಿದವನು ತಾನೇ ಮಲಗಿದಾಗ ಕೋಲು ಹಿಡಿಯಲು ಒಬ್ಬನಿಲ್ಲ. ದೇವರಿಗೆ ಕಣ್ಣಿಲ್ಲ ಎಂದು ಜನ ಬೈಯುವುದು ಇಂಥದ್ದಕ್ಕೇ.

"ಮೇಟೂರಿಂದ ಬ್ಯಾಂಡ್ ಸೆಟ್ಟು ಕರೆಸ್ಬೋದು," ಎಂದ ಮುನಿಲಕ್ಷ್ಮಿಯ ಗಂಡ ಮಣಿ. "ಫೋನ್ ಮಾಡಿದ್ರೆ ಒಂದ್ ಅವರ್‌ನಲ್ಲಿ ಬಂದ್ಬಿಡ್ತಾರೆ."

"ಯಾವ ಸೆಟ್ಟೂ ಬೇಡ." ಒಳಗಿನಿಂದ ರಾಜಾತಿಯ ದನಿ ಬಂತು. ನಿನ್ನೆ ಸಂಜೆ ಕುರಿಗಳನ್ನು ಒಳಗಟ್ಟುತ್ತಿದ್ದ ಗಂಡ ಹಟ್ಟಿಯ ಬಾಗಿಲಲ್ಲೇ ಕುಸಿದಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ಅವರಿಗೆ ನಮ್ಮ ಮಟ್ಟು ಏನ್ ತೆರಿಯುಂ, ಏನ್ ಗೊತ್ತು? ಇಳಿಸೋ ಮಟ್ಟಿಲ್ದೆ ಆ ಮನುಷ್ಯನ್ನ ಇಳಿಸಕೂಡದು, ಏಳಿದ್ದೀನಿ."

"ಅಪ್ಪಂದೇ ಐತೆ ಅವ್ವಾ," ಎಂದ ಚಿನ್ನರಾಜ್. ಎಲ್ಲರೂ ಅವನ ಕಡೆ ತಿರುಗಿದರು. "ನನ್ನ ಫೋನಲ್ಲಿ. ಆ ಗೇಮಲ್ಲಿ ಅಪ್ಪ ಬಾರ್ಸಿದ್ನಲ್ಲ, ಅದು."

"ಆಟದಲ್ಲಿರೋದಾ?"

"ಆಟದಲ್ಲೇ. ಆದ್ರೆ ಕೈ ಅಪ್ಪಂದು."

ರಾಜಾತಿ ಬಾಗಿಲಿಗೆ ಬಂದು ಮಗನ ಮುಖವನ್ನೇ ನೋಡಿದಳು. "ಪೂರ್ತಿ ಐತಾ?"

"ಪೂರ್ತಿ ಐತೆ."

ಅವನು ಸುಳ್ಳು ಹೇಳಲಿಲ್ಲ. ಹಾಗೇ ಎಂದು ನಂಬಿದ್ದ.

*

ಮೂರು ವರ್ಷದ ಹಿಂದಿನ ಮಾತು. ಚಿನ್ನರಾಜ್ ಸೇಲಂನಲ್ಲಿ ಬೆಳ್ಳಿ ಕಾಲುಗೆಜ್ಜೆಗಳಿಗೆ ಬೆಸುಗೆ ಹಾಕುತ್ತಿದ್ದ. ಒಂದೇ ಕೋಣೆಯಲ್ಲಿ ಅವನ ಜೊತೆಗಿದ್ದ ಕಾರ್ತಿಕೇಯನ್ ಫೋನಿನ ಆಟಗಳಿಗೆ ಸಂಗೀತ ಕೂಡಿಸುವವನು. ಅವನ ಕಂಪನಿಯ 'ಎಲುಂಬುಕೋಟೆ' ಎಂಬ ಆಟ ಚೆನ್ನಾಗಿ ಓಡಿ, ಎರಡನೇ ಭಾಗ ತಯಾರಾಗುತ್ತಿತ್ತು. ಒಬ್ಬ ಸಿಪಾಯಿ ಹಾಳುಬಿದ್ದ ನಾಡನ್ನೆಲ್ಲ ಅಲೆದು, ಕತ್ತಿ ಕವಚ ಕೂಡಿಸಿ, ಕೊನೆಗೆ ಎಲುಬುರಾಣಿ ಎಂಬ ಏಳು ಕೈಗಳ ಹೆಂಗಸಿನೊಂದಿಗೆ ಕಾದಾಡುವ ಆಟ. ನಲವತ್ತು ಗಂಟೆ ಆಡಿ ಬಂದವನಿಗೆ ಆ ಕೊನೆಯ ಕಾಳಗದಲ್ಲಿ ಮೈ ಜುಮ್ಮೆನ್ನಬೇಕು, ಕಂಪ್ಯೂಟರಿನ ತಮಟೆಗೆ ಆ ಶಕ್ತಿಯಿಲ್ಲ ಎಂದು ಕಾರ್ತಿಕೇಯನ್ ತಲೆ ಕೆರೆದುಕೊಳ್ಳುತ್ತಿದ್ದ. "ನಮ್ಮಪ್ಪ ಇದ್ದಾರೆ," ಎಂದು ಚಿನ್ನರಾಜ್ ಹೇಳಿದ್ದು ಅರ್ಧ ತಮಾಷೆಗೆ.

ಮಾರಿಯಪ್ಪ ಡೊಳ್ಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿಳಿದ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು ಸುತ್ತ ನೋಡಿ, "ಎಣ ಎಲ್ಲಿ?" ಎಂದ. ಅವನು ನಗಿಸಲು ಕೇಳಿದ್ದಲ್ಲ. ಕಾರ್ತಿಕೇಯನ್ ಮಾತ್ರ ಬಿದ್ದು ಬಿದ್ದು ನಕ್ಕು, ಹೆಣ ಕಂಪ್ಯೂಟರಿನಲ್ಲಿದೆ ಎಂದು ತಮಿಳಿನಲ್ಲಿ ಹೇಳಿದ.

ಮಾರಿಯಪ್ಪ ಬಾರಿಸಿದ. ಇಳಿಸುವ ಮಟ್ಟಿನ ಒಂದು ಪೂರ್ತಿ ಸುತ್ತು. ಗಾಜಿನಾಚೆ ಕೂತ ಕಾರ್ತಿಕೇಯನ್ ನಗು ನಿಲ್ಲಿಸಿ ತೋಳು ಸವರಿಕೊಂಡ. ಸುತ್ತು ಮುಗಿಯುವಲ್ಲಿ ಮಾರಿಯಪ್ಪ "ಹಾ" ಎಂದು ಉಸಿರೆಳೆದು, ಕೋಲು ಮೇಲೆತ್ತಿ, ಅಲ್ಲೇ ತಡೆದು, ಅಂಗೈಯನ್ನು ಚರ್ಮದ ಮೇಲೆ ಒತ್ತಿ ಹಿಡಿದ. "ಪೋದುಂ," ಎಂದ. ಸಾಕು ಎಂದರೆ ಸಾಕು, ಮುಂದಕ್ಕೆ ಒಂದೇಟೂ ಹಾಕಲಿಲ್ಲ. ಕಾರ್ತಿಕೇಯನಿಗೆ ಅಷ್ಟೇ ಬೇಕಿತ್ತು. ಲೂಪ್ ಮಾಡಿದರೆ ಕಾಳಗ ನಡೆಯುವಷ್ಟು ಹೊತ್ತೂ ಸುತ್ತುತ್ತದೆ, ಆ ಉಸಿರನ್ನೂ ತೆಗೆಯುವುದಿಲ್ಲ, ಅದೇ ಭಯ ಹುಟ್ಟಿಸುವುದು ಎಂದ. ಮುದುಕನ ರಟ್ಟೆ ಸೋತಿತು ಎಂದುಕೊಂಡ ಚಿನ್ನರಾಜ್ ಟೀ ತರಲು ಹೋದ.

ಆಟ ಬಿಡುಗಡೆಯಾದಾಗ ಊರಿಗೆ ಹೋಗಿ ಅಪ್ಪನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಎಲುಬುರಾಣಿಯನ್ನು ನಾಲ್ಕೇ ನಿಮಿಷದಲ್ಲಿ ಕೊಂದು ತೋರಿಸಿದ. ರಾಣಿ ಬಿದ್ದ ಕೂಡಲೇ ಡೊಳ್ಳು ನಿಂತು ಕಹಳೆ ಮೊಳಗಿತು. ಮಾರಿಯಪ್ಪ ಇಯರ್‌ಫೋನ್ ತೆಗೆದ.

"ಅವಳನ್ನ ಇಳಿಸೋರು ಯಾರೂ ಇಲ್ವಾ?"

"ಗೇಮ್ ಅಪ್ಪಾ ಇದು!"

"ಆಗ್ಲಿ. ನೀನು ಒಂದು ಸಾವಿಗೆ ಬಾ ಲೇ. ಎಣದ ಪಕ್ಕ ನಿಂತ್ಕೊಂಡು ಏಳ್ಕೊಡೋದು ಒಂದು ಬಾಕಿ ಐತೆ. ಬರೀ ಬಾಯಲ್ಲಿ ಏಳಂಗಿಲ್ಲ."

ಮಗನನ್ನು ಊರಿಗೆ ಕರೆಸಿಕೊಳ್ಳಲು ಮುದುಕ ಹೂಡುವ ನೆವ ಎಂದು ಚಿನ್ನರಾಜ್ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ಊರಿನಲ್ಲಿ ಮೂರು ಸಾವಾದವು. ಮೂರು ಸಲವೂ ಅಪ್ಪನ ಫೋನ್ ಬಂತು. ಒಮ್ಮೆ ದೀಪಾವಳಿಯ ಕೆಲಸ, ಒಮ್ಮೆ ಜ್ವರ. ಮೂರನೆಯ ಸಲ ನೆವವೂ ಸಿಗದೆ, "ಅದೆಲ್ಲ ಫೋನಲ್ಲೇ ಐತಲ್ಲಪ್ಪಾ, ಎಲ್ಲಿಗೂ ಓಗಲ್ಲ," ಎಂದುಬಿಟ್ಟ.

 ಆ ಕಡೆ ಕುರಿಗಳು ಕೂಗುವುದು ಕೇಳಿಸುತ್ತಿತ್ತು.

"ಸರಿ ಸಾಮಿ," ಎಂದ ಮಾರಿಯಪ್ಪ. "ಊಟ ಆಯ್ತಾ?"

*

ಆಟದವರ ಕಟ್ಟಳೆಯೂ ವಿಚಿತ್ರ. ಹಾಡು ಕೇಳುವ ಹಾಗೆ ಒಂದು ಬಟನ್ ಒತ್ತಿ ಆ ಡೊಳ್ಳು ಕೇಳಲಾಗುವುದಿಲ್ಲ. ರಾಣಿಯೊಂದಿಗೆ ಕಾದಾಡಬೇಕು, ಅವಳ ಪ್ರಾಣ ಅರ್ಧಕ್ಕಿಳಿದ ಮೇಲೆಯೇ ಡೊಳ್ಳು ಏಳುತ್ತದೆ. ಅವಳು ಸತ್ತರೆ ನಿಲ್ಲುತ್ತದೆ, ಸಿಪಾಯಿ ಸತ್ತರೂ ನಿಲ್ಲುತ್ತದೆ. ಅಂದರೆ ಚಿನ್ನರಾಜ್ ಅವಳನ್ನು ಅರ್ಧ ಕೊಂದು, ಆಮೇಲೆ ಕೊಲ್ಲದೆ, ತಾನೂ ಸಾಯದೆ, ಮನೆಯಿಂದ ಗುಂಡಿಯವರೆಗೆ ಬರೀ ತಪ್ಪಿಸಿಕೊಳ್ಳುತ್ತಾ ನಡೆಯಬೇಕಿತ್ತು. ಕಾರ್ತಿಕೇಯನಿಗೆ ಫೋನ್ ಮಾಡಿ ನೋಡಿದ. ಸ್ವಿಚ್ ಆಫ್ ಎಂದು ಬಂತು.

ಮಣಿ ಟೀ ಅಂಗಡಿಯ ಸ್ಪೀಕರನ್ನು ಹೆಗಲಿಗೆ ಹಾಕಿಕೊಂಡ. ನಾಲ್ವರು ಚಟ್ಟ ಎತ್ತಿದರು. ಮೊದಲು ಕಿವಿ ಕಿತ್ತು ಹೋಗುವ ಹಾಗೆ ಗಿಟಾರ್ ಕಿರುಚಿತು.

"ಇದೇನ್ಲಾ, ಸಿನಿಮಾನಾ?" ಎಂದು ಯಾರೋ ರೇಗಿದರು.

ಚಿನ್ನರಾಜ್ ತಲೆಯೆತ್ತದೆ ಹೊಡೆದ. ಹೊಡೆದ. ರಾಣಿಯ ಮೂರು ಕೈ ಉದುರಿದವು. ಆಗ ಗಿಟಾರಿನ ಕೆಳಗಿನಿಂದ ಡೊಳ್ಳು ಎದ್ದಿತು. ಗೊಣಗುತ್ತಿದ್ದವರ ಬಾಯಿ ಕಟ್ಟಿತು. "ಮಾರಿಯಪ್ಪನ ಕೈ," ಎಂದು ಮಾದಯ್ಯ ಟವೆಲಿನಿಂದ ಮುಖ ಮುಚ್ಚಿಕೊಂಡ. ಹೊಸ್ತಿಲಲ್ಲಿ ಕೊಡ ಹಿಡಿದ ರಾಜಾತಿ ಒಂದು ಸಲ ಕಣ್ಣು ಮುಚ್ಚಿ ತೆಗೆದಳು. ಚಿನ್ನರಾಜನ ಎದೆ ಹೆಮ್ಮೆಯಿಂದ ಉಬ್ಬಿತು. ಹೌದು, ಹೆಮ್ಮೆಯೇ, ಅಪ್ಪ ಸತ್ತ ದಿನವೂ ಅದು ಮನುಷ್ಯನನ್ನು ಬಿಡುವುದಿಲ್ಲ.

ಮಟ್ಟು ಸುತ್ತುತ್ತಾ ಹೋಯಿತು. ಬಿಸಿಲಿಗೆ ಪರದೆ ಕಾಣದೆಂದು ಮಾದಯ್ಯ ತನ್ನ ಟವೆಲನ್ನು ಫೋನಿನ ಮೇಲೆ ಚಾಚಿ, ಇನ್ನೊಂದು ಕೈಯಲ್ಲಿ ಅವನ ಮೊಣಕೈ ಹಿಡಿದು ನಡೆಸಿದ. ಬರಿಗಾಲಿಗೆ ಜಾಲಿಮುಳ್ಳು ಚುಚ್ಚಿತು. ಬಗ್ಗಿ ಕೀಳುವ ಹಾಗಿಲ್ಲ, ಹೆಬ್ಬೆರಳೆರಡೂ ಪರದೆಯ ಮೇಲೆ. ಮುಂದೆ ಅಪ್ಪ ಹೋಗುತ್ತಿದ್ದ. ಅಪ್ಪನ ಮುಖದ ಮೇಲಿನ ನೊಣವನ್ನು ಬೇರೆ ಯಾರೋ ಓಡಿಸುತ್ತಿದ್ದರು. ಆ ದಾರಿಯುದ್ದಕ್ಕೂ ಮಗ ನೋಡಿದ್ದು ಎಲುಬುರಾಣಿಯ ಮುಖವನ್ನು ಮಾತ್ರ.

ಗುಂಡಿಯ ಅಂಚಿನಲ್ಲಿ ಚಟ್ಟ ನಿಂತಿತು. ಸುತ್ತು ಮುಗಿಯುತ್ತಾ ಬಂತು. ಹೊತ್ತವರು ಕಾಲು ಅಗಲಿಸಿ ನಿಂತರು. ಸ್ಪೀಕರಿನಲ್ಲಿ ಮಾರಿಯಪ್ಪ "ಹಾ" ಎಂದು ಉಸಿರೆಳೆದ. ಮಟ್ಟು ಮೊದಲಿನಿಂದ ಶುರುವಾಯಿತು.

ಹೊತ್ತವರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಮೂರು ಏಟು ಎಲ್ಲಿ?" ಎಂದ ಮಾದಯ್ಯ.

"ಬರ್ತದೆ ಮಾಮಾ. ಮುಂದಿನ ಸುತ್ತಿಗೆ."

ಮುಂದಿನ ಸುತ್ತು ಬಂತು. "ಹಾ." ಮತ್ತೆ ಮೊದಲಿನಿಂದ. ಆಗ ಚಿನ್ನರಾಜನಿಗೆ ಸ್ಪಂಜಿನ ಕೋಣೆ ಕಣ್ಣಿಗೆ ಬಂತು. ಎತ್ತಿ ತಡೆದ ಕೋಲು. ಚರ್ಮದ ಮೇಲೆ ಒತ್ತಿದ ಅಂಗೈ. ಸೋತ ರಟ್ಟೆಯಲ್ಲ ಅದು.

"ಅಪ್ಪ ಅದನ್ನ ಆಕಲೇ ಇಲ್ಲ ಮಾಮಾ."

"ಎಂಗೆ ಆಕ್ತಾನೆ? ಎಣ ಇಲ್ದೆ ಆ ಏಟು ಆಕಿದ್ರೆ ಅದು ಒಂದು ಎಣ ಕರೀತದೆ ಕಣ್ಲಾ. ಕಲಿಸೋದಾದ್ರೂ ಸಾವಲ್ಲೇ ಕಲಿಸ್ಬೇಕು, ಅದೂ ಮಗನಿಗೆ." ಮಾದಯ್ಯ ಅವನ ಮೊಣಕೈ ಬಿಟ್ಟ. "ನಿಂಗೆ ಏಳ್ಕೊಟ್ಟಿದ್ದಾನೆ ಅಂದ್ಕೊಂಡಿದ್ದೆ ನಾನು."

"ನಿಂಗೆ ಗೊತ್ತಿಲ್ವಾ? ನಲವತ್ತು ವರ್ಷ ಪಕ್ಕದಲ್ಲೇ ನಿಂತಿದ್ದೀಯ!"

"ಒಂದು ಕೋಲಿನ ಏಟು, ಒಂದು ಅಂಗೈಯ ಏಟು. ಇನ್ನೊಂದು…" ಮುದುಕ ತಲೆಯಾಡಿಸಿದ. "ಆ ಒತ್ತಲ್ಲಿ ಊರೇ ಅಳ್ತಿರ್ತದೆ. ನಾನೂ ಅಳ್ತಿದ್ದೆ. ಯಾರ್ಲಾ ಕೇಳಿಸ್ಕೊಂತಾರೆ?"

"ಹಾ," ಎಂದ ಸ್ಪೀಕರಿನೊಳಗಿನ ಮಾರಿಯಪ್ಪ.

ಹೆಗಲು ಬದಲಾದವು. ಮತ್ತೊಂದು ಸುತ್ತು. "ಸುಮ್ನೆ ಇಳಿಸ್ರಪ್ಪಾ, ಒತ್ತು ಓಗ್ತಾ ಐತೆ," ಎಂದು ಹಿಂದಿನಿಂದ ಯಾರೋ ಅಂದರು. "ಇರ್ರೀ!" ಎಂದು ಚಿನ್ನರಾಜ್ ಅರಚಿದ. ಯಾತಕ್ಕೆ ಇರಬೇಕು ಎಂದು ಅವನಿಗೂ ಗೊತ್ತಿರಲಿಲ್ಲ. ರಾಣಿಯ ಕತ್ತಿ ಬಂತು, ತಪ್ಪಿಸಿದ. ಬೆಂಕಿ ಬಂತು, ತಪ್ಪಿಸಿದ. ಬೆವರಿಗೆ ಬೆರಳು ಜಾರುತ್ತಿತ್ತು, ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಸೋತರೆ ಅಪ್ಪನ ಉಸಿರು ನಿಲ್ಲುತ್ತದೆ, ಗೆದ್ದರೂ ನಿಲ್ಲುತ್ತದೆ. ಆಡುತ್ತಿರುವಷ್ಟು ಹೊತ್ತು ಅಪ್ಪ ಕೋಲೆತ್ತುತ್ತಲೇ ಇರುತ್ತಾನೆ, ಹೊಡೆಯುವುದಿಲ್ಲ. ಮೂರು ಫೋನ್ ಬಂದಿತ್ತು. ಒಂದಕ್ಕೆ, ಬರೀ ಒಂದಕ್ಕೆ ಬಸ್ಸು ಹತ್ತಿದ್ದರೆ ಸಾಕಿತ್ತು.

ಹೊತ್ತವರಲ್ಲಿ ಒಬ್ಬನ ಮೊಣಕಾಲು ಬಾಗಿತು. ಚಟ್ಟ ಓರೆಯಾಗಿ, ಕಟ್ಟಿದ್ದ ಪಟ್ಟಿ ಸಡಿಲಿ, ಮಾರಿಯಪ್ಪನ ಬಲಗೈ ಎದೆಯಿಂದ ಜಾರಿ ಹೊರಗೆ ತೂಗಿತು.

ಚಿನ್ನರಾಜ್ ಹೆಬ್ಬೆರಳೆರಡನ್ನೂ ಎತ್ತಿದ. ಪರದೆಯೊಳಗೆ ಸಿಪಾಯಿ ಕತ್ತಿ ಕೆಳಗಿಟ್ಟವನ ಹಾಗೆ ನಿಂತ. ಸುತ್ತು ಕೊನೆಗೆ ಬಂತು, ಮಾರಿಯಪ್ಪ ಉಸಿರೆಳೆದ, ರಾಣಿಯ ಕತ್ತಿ ಆ ಉಸಿರಿನ ಮೇಲೆಯೇ ಇಳಿಯಿತು. ಸ್ಪೀಕರ್ ಮೌನವಾಯಿತು.

ಎಲ್ಲರೂ ಕಾದರು. ಆ ಊರಿನವರು ಅಳಲು ಶುರು ಮಾಡುವುದು ಮೂರು ಏಟಿಗೆ. ಏಟು ಬೀಳಲಿಲ್ಲ, ಯಾವಾಗ ಅಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಐವತ್ತು ವರ್ಷ ಊರನ್ನು ಅಳಿಸಿದವನು ಒಂದು ಬಿಕ್ಕೂ ಇಲ್ಲದೆ ಗುಂಡಿಗಿಳಿದ. ಮಣ್ಣು ಬೀಳುವ ಸದ್ದು ಮಾತ್ರ ಇತ್ತು. ಮತ್ತೆ ಕಾದಾಡುತ್ತೀಯಾ ಎಂದು ಫೋನು ತಮಿಳಿನಲ್ಲಿ ಕೇಳುತ್ತಿತ್ತು. ಚಿನ್ನರಾಜ್ ಅದನ್ನು ಬೋರಲು ಮಾಡಿ ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ಮಣ್ಣು ಬಾಚಿದ.

*

ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಅಂಗಳದಲ್ಲಿ ಹೆಂಗಸರು ಗೋಡೆಗೊರಗಿ ನಿಂತಿದ್ದರು, ಒಬ್ಬಳೂ ಕೂತಿರಲಿಲ್ಲ. ರಾಜಾತಿ ಹೊಸ್ತಿಲಲ್ಲೇ ಇದ್ದಳು. ತುಂಬಿದ ಕೊಡ ಸೊಂಟದಲ್ಲೇ ಇತ್ತು.

"ಎಷ್ಟು ಏಳಿದ್ರೂ ಕೊಡ ಕೊಡ್ತಾ ಇಲ್ಲ ಅಣ್ಣಾ," ಎಂದಳು ಮುನಿಲಕ್ಷ್ಮಿ.

ರಾಜಾತಿ ಮಣ್ಣಾದ ಮಗನ ಕೈಗಳನ್ನು ನೋಡಿದಳು, ಅವನ ಹಿಂದೆ ಬಂದ ಗಂಡಸರನ್ನು ನೋಡಿದಳು.

"ಯಾಕ್ಲಾ ಎಲ್ಲಾ ವಾಪಸ್ ಬಂದ್ಬಿಟ್ರಿ?" ಎಂದಳು. "ಇನ್ನೂ ಇಳಿಸಿಲ್ವಲ್ಲ. ನಂಗೇನೂ ಕೇಳಿಸ್ಲಿಲ್ಲ."

"ಅವ್ವಾ…"

"ಇರು. ಮಾತಾಡ್ಬೇಡ."

ಅವಳು ಕೊಡವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡು, ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು, ಬಲಗಿವಿಯ ಮೇಲಿನ ಸೆರಗು ಸರಿಸಿ ಗುಂಡಿಯ ದಿಕ್ಕಿಗೆ ಮುಖ ಮಾಡಿದಳು. ಕೊಡದ ಬಾಯಿಂದ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು.