ಐದು ರೂಪಾಯಿ ಗುಡ್ಡೆ

ರಘುನಂದನನಿಗೆ ಹಳ್ಳಿ ಎಂದರೆ ಬಲು ಪ್ರೀತಿ. ಮೈಕಿನ ಮುಂದೆ ಕೂತರಂತೂ ಆ ಪ್ರೀತಿ ತಡೆಯಲಾರದಷ್ಟು ಉಕ್ಕುತ್ತಿತ್ತು. ಮಂಡ್ಯದ ಗುತ್ತಲಿನಲ್ಲಿ ಅವನದೊಂದು ಬಾಡಿಗೆ ಮನೆ. ಅದರ ಒಳಕೋಣೆಯ ಕಿಟಕಿಗೆ ರಗ್ಗು ನೇತುಹಾಕಿ, ಬಾಗಿಲ ಸಂದಿಗೆ ಹೆಂಡತಿಯ ಹಳೇ ಸೀರೆ ತುರುಕಿ, ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಬೆವರು ಸುರಿಸಿಕೊಂಡು "ನಮಸ್ಕಾರ, ಇದು ಹಿತ್ತಿಲ ಮಾತು" ಎಂದು ಶುರುಮಾಡಿದನೆಂದರೆ ಮುದ್ದೆ, ಆಲೆಮನೆ, ನಾಲೆ ಏರಿ, ಗದ್ದೆ ಬದು ಎಲ್ಲ ಒಂದರ ಹಿಂದೊಂದು ಬರುತ್ತಿದ್ದವು. ಅವನಿಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ, ನಾಲೆಗೆ ಇಳಿದವನೂ ಅಲ್ಲ. ಅದು ಬೇರೆ ಮಾತು.

ಮದ್ದೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟರಾಗಿದ್ದವನು ಒಂದು ವರ್ಷದ ಹಿಂದೆ ಕೆಲಸ ಬಿಟ್ಟು ಈ ಪಾಡ್‌ಕಾಸ್ಟಿಗೆ ಇಳಿದಿದ್ದ. ಬಿಡುವ ದಿನ ಸುಮ್ಮನೆ ಬಿಟ್ಟಿದ್ದರೆ ಚೆನ್ನಾಗಿತ್ತು. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ನೀವೆಲ್ಲ ಗಾಣದೆತ್ತುಗಳು, ಸುತ್ತುತ್ತಾ ಇರಿ, ನಾನು ಹೊರಟೆ" ಎಂದು ಭಾಷಣ ಮಾಡಿ ಬಂದಿದ್ದ. ಈಗ ಮನೆ ನಡೆಯುತ್ತಿದ್ದದ್ದು ಹೆಂಡತಿ ವೀಣಳ ಟೀಚರ್ ಸಂಬಳದಲ್ಲಿ. ಅವಳು ಜಗಳ ಆಡಲಿಲ್ಲ. ಒಂದೇ ಮಾತು ಹೇಳಿದಳು: "ದೀಪಾವಳಿ ಹೊತ್ತಿಗೆ ದುಡ್ಡು ಕಟ್ಟೋ ಮೆಂಬರ್‌ಗಳು ನೂರು ಜನ ಆದ್ರೆ ಸರಿ. ಆಗದಿದ್ರೆ ನೀವು ವಾಪಸ್ ಕಾಲೇಜಿಗೆ." ಆ ಗಾಣದೆತ್ತುಗಳ ನಡುವೆ ಮತ್ತೆ ಹೋಗಿ ಕೂರುವುದು ನೆನಪಾದಾಗಲೆಲ್ಲ ರಘುನಂದನ ಎದ್ದು ಹೋಗಿ ಮೈಕಿನ ಮುಂದೆ ಕೂರುತ್ತಿದ್ದ.

ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಕಟ್ಟಿದವರಿಗೆ 'ಒಳಮನೆ' ಎಂಬ ಬೇರೆ ಕಂತು ಇಟ್ಟಿದ್ದ. ಮೊದಮೊದಲು ಯಾರೂ ಸೇರಲಿಲ್ಲ. ಆಲೆಮನೆಯ ಪರಿಮಳಕ್ಕೆ ಯಾರು ದುಡ್ಡು ಕೊಡುತ್ತಾರೆ? ಆಮೇಲೆ ಒಂದು ದಿನ, ಹೇಳಲು ಬೇರೇನೂ ಇಲ್ಲದೆ, 'ಜುಗ್ಗಮ್ಮ' ಎಂಬೊಬ್ಬಳ ಕತೆ ಹೇಳಿದ. ಜುಗ್ಗಮ್ಮನ ಮನೆಗೆ ನೆಂಟರು ಬಂದರೆ ಅವಳು ಬಾಗಿಲಲ್ಲೇ ತಲೆ ಎಣಿಸುತ್ತಾಳೆ, ಒಳಗೆ ಹೋಗಿ ತಲೆಗೊಂದು ಚೊಂಬಿನಂತೆ ಸಾರಿಗೆ ನೀರು ಸುರಿಯುತ್ತಾಳೆ. ನೆಂಟರು ಕೈ ತೊಳೆಯಲು ಎದ್ದರೆ ಫ್ಯಾನ್ ಆರಿಸುತ್ತಾಳೆ. ಹಾಲಿನ ಕವರನ್ನು ತೊಳೆದು ಬಟ್ಟೆ ತಂತಿಗೆ ಒಣಹಾಕುತ್ತಾಳೆ. ಗಂಡನ ತಿಥಿ ದಿನ ಅಳುತ್ತಲೇ ಊಟದ ಎಲೆ ಎಣಿಸುತ್ತಾಳೆ. ಕೇಳಿದವರು ಬಿದ್ದು ಬಿದ್ದು ನಕ್ಕರು. ಮೆಂಬರ್‌ಗಳು ನಲವತ್ತು ದಾಟಿದರು. "ಇನ್ನಷ್ಟು ಜುಗ್ಗಮ್ಮ" ಎಂದು ಬೆಂಗಳೂರಿನಿಂದ, ದುಬೈನಿಂದ ಮೆಸೇಜು ಬಂದವು.

ಜುಗ್ಗಮ್ಮ ಬೇರೆ ಯಾರೂ ಅಲ್ಲ, ಅವನ ಅತ್ತೆ ಚಲುವಮ್ಮ. ಅಪ್ಪನ ತಂಗಿಯೂ ಹೌದು, ಹೆಂಡತಿಯ ತಾಯಿಯೂ ಹೌದು. ಭಾರತೀನಗರದ ಪಕ್ಕದ ಹಳ್ಳಿಯಲ್ಲಿ ಎರಡು ಹಸು, ನಾಲ್ಕು ಕುರಿ, ಒಂದಿಷ್ಟು ಕಬ್ಬು ಇಟ್ಟುಕೊಂಡು ಇದ್ದಳು. ಪ್ರತಿ ಭಾನುವಾರ ಅಳಿಯ ಮಗಳು ಸ್ಕೂಟರಿನಲ್ಲಿ ಹೋಗಿ ಉಂಡು, ಬರುವಾಗ ಕಾಲಿನ ಹತ್ತಿರ ರಾಗಿ ಹಿಟ್ಟಿನ ಚೀಲವನ್ನೂ ಕೈಗೆ ನುಗ್ಗೆಕಾಯಿಯನ್ನೂ ಸಿಕ್ಕಿಸಿಕೊಂಡು ಬರುತ್ತಿದ್ದರು. ಹಿಟ್ಟು ವೀಣಳ ಪಾಲಿಗೆ, ಕತೆ ರಘುನಂದನನ ಪಾಲಿಗೆ. ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ಇವನು ಎಣಿಸಿದ್ದಷ್ಟೇ ಅಲ್ಲ, ಅದಕ್ಕೆ ಬೆಲೆ ಕಟ್ಟಿ ಮಾರುತ್ತಿದ್ದ.

ಅತ್ತೆಗೆ ಗೊತ್ತಾದರೆ ಎಂಬ ಹೆದರಿಕೆ ಅವನಿಗೆ ಇರಲಿಲ್ಲ. ಒಳಮನೆ ಕಂತು ಕೇಳಬೇಕಾದರೆ ದುಡ್ಡು ಕಟ್ಟಬೇಕು, ಅತ್ತೆಯೋ ಐದು ಪೈಸೆ ಬಿಚ್ಚುವವಳಲ್ಲ. ಅವಳ ಜುಗ್ಗತನವೇ ತನಗೆ ಕೋಟೆ ಎಂದು ನಂಬಿ ನೆಮ್ಮದಿಯಾಗಿದ್ದ.

ಕೋಟೆಯ ಬಾಗಿಲನ್ನು ಅವನೇ ತೆರೆದ. ಅದು ಹೀಗೆ. ರಘುನಂದನನೂ ಹಣಕಾಸಿನ ಒಂದು ಇಂಗ್ಲಿಷ್ ಪಾಡ್‌ಕಾಸ್ಟಿಗೆ ಮೆಂಬರ್ ಆಗಿದ್ದ. ಐದು ಜನ ಗೆಳೆಯರು ಸೇರಿ ಒಂದೇ ಮೆಂಬರ್‌ಶಿಪ್ ತೆಗೆದುಕೊಂಡಿದ್ದರು. ತನ್ನ ಪಾಲನ್ನು ಮಾತ್ರ ಇವನು "ನಾಳೆ ಹಾಕ್ತೀನಿ ಮಗಾ" ಎಂದುಕೊಂಡೇ ಬೇಸಿಗೆ ಕಳೆದಿದ್ದ. ಈ ಅನುಭವದ ಬಲದಿಂದ, ಹೊಸ ಕೇಳುಗರನ್ನು ಎಳೆಯೋಣ ಎಂದು, ಎಲ್ಲರಿಗೂ ಪುಕ್ಕಟೆ ಸಿಗುವ ಒಂದು ಕಂತಿನಲ್ಲಿ ಉಪದೇಶ ಶುರುಮಾಡಿದ: ಪಾಡ್‌ಕಾಸ್ಟ್ ಮೆಂಬರ್‌ಶಿಪ್ಪಿಗೆ ದುಡ್ಡು ಸುರಿಯಬೇಡಿ, ಉಳಿಸಿ. ವರ್ಷದ ಪ್ಲಾನು ನೋಡಿ. ಕೇಳದ ತಿಂಗಳು ನಿಲ್ಲಿಸಿ. ಎಲ್ಲಕ್ಕಿಂತ ಮೇಲು, ಹಂಚಿಕೊಳ್ಳಿ. "ಯುಗಾದಿ ಮಾರನೇ ದಿನ ವರ್ಷತೊಡಕಿಗೆ ನಮ್ಮೂರಲ್ಲಿ ಏನು ಮಾಡ್ತೀವಿ? ಎಲ್ಲರೂ ಕಾಸು ಹಾಕಿ ಒಂದು ಕುರಿ ಕಡಿದು, ಗುಡ್ಡೆ ಹಾಕಿ, ಮನೆಗೊಂದು ಪಾಲು ತಗೊಂಡು ಹೋಗ್ತೀವಿ. ಪಾಡ್‌ಕಾಸ್ಟನ್ನೂ ಹಾಗೇ ಗುಡ್ಡೆ ಹಾಕ್ಕೊಳ್ಳಿ ಸ್ವಾಮಿ!"

ಆ ಕಂತು ವಾಟ್ಸಾಪ್ ಗುಂಪುಗಳಲ್ಲಿ ಹುಚ್ಚಾಪಟ್ಟೆ ಓಡಾಡಿತು. ಒಳಮನೆಗೆ ಸೇರಿದ್ದು ಮಾತ್ರ ಒಬ್ಬರೇ ಒಬ್ಬರು. ಅದು ಯಾರೆಂದು ರಘುನಂದನ ನೋಡಲೂ ಇಲ್ಲ.

ಗೌರಿ ಹಬ್ಬ ಕಳೆದ ಮೇಲಿನ ಒಂದು ಭಾನುವಾರ ಎಂದಿನಂತೆ ಅತ್ತೆ ಮನೆಗೆ ಹೋದರು. ಚಲುವಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಾ ರಘು" ಎಂದವಳು ಇಬ್ಬರ ಕಡೆಗೂ ಬೆರಳು ತೋರಿಸಿ, "ಒಂದು, ಎರಡು" ಎಂದು ಎಣಿಸಿ ಒಳಗೆ ಹೋದಳು. ಅಡಿಗೆಮನೆಯಿಂದ ಸೊರ್ ಎಂದು ನೀರು ಸುರಿಯುವ ಸದ್ದು ಎರಡು ಸಲ ಕೇಳಿತು. ರಘುನಂದನನಿಗೆ ಎದೆ ಧಸಕ್ ಎನ್ನಬೇಕಿತ್ತು. ಬುದ್ಧಿ ಇದ್ದವರಿಗೆ ಅನ್ನುತ್ತಿತ್ತು. ಇವನು ಖುಷಿಯಿಂದ ಜೇಬಿನಲ್ಲಿದ್ದ ಫೋನಿನ ರೆಕಾರ್ಡರ್ ಒತ್ತಿದ. ಈ ವಾರಕ್ಕೆ ಸರಕು ತಾನಾಗೇ ಬಂತಲ್ಲ!

ಕೈ ತೊಳೆದು ಬರುವಷ್ಟರಲ್ಲಿ ಫ್ಯಾನ್ ನಿಂತಿತ್ತು. ಆಹಾ ಎಂದುಕೊಂಡ. ತಟ್ಟೆಗೆ ಅರ್ಧ ಮುದ್ದೆ ಬಿತ್ತು. ಯಾವಾಗಲೂ ಎದೆಯ ತುಂಡು, ಲಿವರಿನ ತುಂಡು ಆರಿಸಿ ಹಾಕುತ್ತಿದ್ದವಳು ಕೋಳಿಯ ಕತ್ತೊಂದನ್ನು ಹಾಕಿ ಸಾರು ಬಿಟ್ಟಳು. ಸಾರು ತಟ್ಟೆಯ ತುಂಬ ಹರಿದು ಅಂಚಿನಲ್ಲಿ ನಿಂತಿತು, ತಳದಲ್ಲಿ ತಟ್ಟೆಯ ಮೇಲೆ ಕೊರೆದಿದ್ದ ಮಾವನ ಹೆಸರು ಓದಬಹುದಿತ್ತು. "ಉಣ್ಣು ರಘು, ಸಂಕೋಚ ಮಾಡ್ಕಬ್ಯಾಡ" ಎಂದಳು ಚಲುವಮ್ಮ. ಇಂಥ ಅತ್ತೆಯನ್ನು ಕೊಟ್ಟ ದೇವರಿಗೆ ರಘುನಂದನ ಮನಸ್ಸಿನಲ್ಲೇ ಕೈ ಮುಗಿದ.

ಅಷ್ಟರಲ್ಲಿ ಜಗುಲಿಯಲ್ಲಿ ಬಳೆ ಸದ್ದಾಯಿತು. ಡೈರಿಗೆ ಹಾಲು ಹಾಕುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಪಕ್ಕದ ಮನೆಯ ಹೊಂಬಾಳಮ್ಮ ಹೊಸಿಲಿಗೆ ಬಂದು ತಟ್ಟೆ ಇಣುಕಿ, "ಚಲುವಕ್ಕ, ತಲೆಗೊಂದೇ ಚೊಂಬಾ? ಅಳಿಯ ಅಂತ ಒಂದು ಜಾಸ್ತಿ ಉಯ್ದ್ಯಾ?" ಎಂದಳು. ಜಗುಲಿ ಜಗುಲಿಯೇ ನಕ್ಕಿತು.

ಬಾಯಿಗೆ ಹೊರಟಿದ್ದ ಮುದ್ದೆಯ ತುತ್ತನ್ನು ರಘುನಂದನ ತಟ್ಟೆಗೆ ಇಳಿಸಿದ. ತಲೆಗೊಂದು ಚೊಂಬು ಎನ್ನುವುದು ಅವನೇ ಕಟ್ಟಿದ ಮಾತು. ದುಡ್ಡು ಕಟ್ಟಿ ಒಳಮನೆ ಕೇಳಿದವರನ್ನು ಬಿಟ್ಟು ಬೇರೆಯವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

"ಯಾಕಪ್ಪ ನಿಲ್ಸ್‌ಬುಟ್ಟೆ?" ಎಂದಳು ಚಲುವಮ್ಮ. "ನೀನೇ ಯೋಳಿದ್ಯಲ್ಲ, ಗುಡ್ಡೆ ಆಕ್ಕಳಿ ಅಂತ. ನಾವು ಇಪ್ಪತ್ತು ಜನ ತಲಾ ಐದ್ರುಪಾಯಿ ಆಕುದ್ವಿ. ನೂರಾಯ್ತು. ತೊಂಬತ್ತೊಂಬತ್ತು ನಿಂಗೆ ಕಟ್ಟುದ್ವಿ."

"ಇನ್ನೊಂದು ರೂಪಾಯಿ?" ಹೆದರಿಕೆಯಲ್ಲೂ ಅವನ ಬಾಯಿಂದ ಬಂದದ್ದು ಇದು.

"ಫೋನು ನಂದು, ಕರೆಂಟು ನಂದು. ಚಾರ್ಜಿಗೆ ಮುರ್ಕಂಡೆ."

ತಿಂಗಳೊಪ್ಪತ್ತಿನಿಂದ ಹೆಂಗಸರೆಲ್ಲ ಹಾಲು ಹಾಕಿ ಬಂದು ಈ ಜಗುಲಿಯ ಮೇಲೆ ಕೂತು ಜುಗ್ಗಮ್ಮನನ್ನು ಕೇಳಿದ್ದರು. ಮೊದಲ ದಿನ ಚಲುವಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳಂತೆ. ಹಾಲಿನ ಕವರಿನ ಮಾತು ಬಂದಾಗ ತಂತಿಯ ಕಡೆ ನೋಡಿ ನಗು ನಿಲ್ಲಿಸಿದಳಂತೆ. ತಿಥಿಯ ಎಲೆಯ ಮಾತು ಬಂದಾಗ ಎದ್ದು ಒಳಗೆ ಹೋದಳಂತೆ. ಅವಳಿಗೆ ನೋವಾಗಿತ್ತು, ಬಹಳ ನೋವಾಗಿತ್ತು. ಆದರೆ ದುಡ್ಡು ಕಟ್ಟಿಯಾಗಿತ್ತು. ಕಟ್ಟಿದ ದುಡ್ಡು ದಂಡವಾಗಬಾರದೆಂದು ಮತ್ತೆ ಬಂದು ಕೂತು ಕೊನೆಯವರೆಗೂ ಕೇಳಿದಳು.

"ಅತ್ತೆ, ಅದು ನೀನಲ್ಲ. ಜುಗ್ಗಮ್ಮ ಅಂತ... ಬರೀ ಕಲ್ಪನೆ ಅದು" ಎಂದ ರಘುನಂದನ.

"ಔದೌದು" ಎಂದಳು ಹೊಂಬಾಳಮ್ಮ. "ಕಲ್ಪನೆ ಮನೆ ಮುಂದೆನೂ ಇದೇ ನುಗ್ಗೆ ಮರ ಅದೆ. ಕಲ್ಪನೆ ಪಕ್ಕದ ಮನೇಲಿ ಗೊರಕೆ ಒಡೆಯೋ ಒಂಬಾಳಮ್ಮನೂ ಅವ್ಳೆ."

ರಘುನಂದನ ಹೆಂಡತಿಯ ಕಡೆ ನೋಡಿದ. ವೀಣ ಜಗುಲಿಯಲ್ಲಿ ಆ ಹೆಂಗಸರ ನಡುವೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಚಲುವಮ್ಮ ಅವನೆದುರು ನೆಲದ ಮೇಲೆ ಕೂತಳು. "ನೋಡು ರಘು. ನೀರು ಉಯ್ದಿದ್ದು ನಿಜ, ಕವರ್ ತೊಳ್ದಿದ್ದೂ ನಿಜ. ನಾನು ಜುಗ್ಗಿನೇ, ಊರಿಗೇ ಗೊತ್ತು. ನಿಮ್ಮಾವನ ತಿಥೀಲಿ ಎಲೆ ಎಣಿಸಿದ್ದೂ ನಿಜ. ಯೋಳ್ದೆ ಕೇಳ್ದೆ ನೀನು ಮಂಡ್ಯದಿಂದ ಒಂದು ವ್ಯಾನು ಸ್ನೇಹಿತ್ರನ್ನ ತುಂಬ್ಕಂಡು ಬಂದಿದ್ದೆ. ಎಣಿಸದಿದ್ರೆ ಅವ್ರಿಗೆ ಎಲೆ ಎಲ್ಲಿತ್ತು? ಅದ್ನ ಯಾಕೆ ಯೋಳ್ನಿಲ್ಲ? ಮದ್ವೆ ಆದ ವರ್ಷ ದೀಪಾವಳೀಲಿ ಉಂಗುರ ಬ್ಯಾಡ ಅತ್ತೆ, ಮೈಕು ಕೊಡ್ಸು ಅಂದೆ. ಸಾಕಿದ್ದ ಟಗರು ಮಾರಿ ಕೊಡಿಸ್ದೆ. ಆ ಜುಗ್ಗಿನೇ ಈ ಮೈಕು ಕೊಡಿಸ್ದೋಳು ಅಂತ ಒಂದ್ಸಲನಾರ ಅಂದ್ಯಾ?"

ರಘುನಂದನ ತಟ್ಟೆಯ ನೀರಿನಲ್ಲಿ ಕೋಳಿಯ ಕತ್ತನ್ನು ಅತ್ತಿಂದಿತ್ತ ತಳ್ಳಿದ. ಮಾಡಿದ್ದುಣ್ಣೋ ಮಾರಾಯ ಎಂದು ಯಾರೂ ಅನ್ನಲಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ.

"ಓಗ್ಲಿ ಬುಡು" ಎಂದಳು ಅತ್ತೆ. "ಮೈಕಿಗೆ ಟಗರು ಓಯ್ತು, ಕತೆಗೆ ನಾನು ಓದೆ. ನೀನು ಗುಡ್ಡೆ ಆಕಿ ಮಾರ್ತಾ ಇರೋ ಕುರಿ ನಾನೇ ಕಣಪ್ಪ. ಗುಡ್ಡೇಲಿ ನಂಗೊಂದು ಪಾಲು ಬ್ಯಾಡ್ವಾ?"

ಇಲ್ಲಿ ಅವನು ಹೂಂ ಅಂದಿದ್ದರೆ ಕತೆ ಮುಗಿಯುತ್ತಿತ್ತು. ಅತ್ತೆಯ ಕಾಲು ಹಿಡಿಯಬೇಕಿರಲಿಲ್ಲ, ಕಾಲು ಭಾಗ ಕೊಡುತ್ತೇನೆ ಎಂದಿದ್ದರೂ ಸಾಕಿತ್ತು. ಆದರೆ ಜುಗ್ಗತನ ಬಾಯಿ ಬಿಡಲು ಸಮಯ ಸಂದರ್ಭ ನೋಡುವುದಿಲ್ಲ. "ಅತ್ತೆ, ಆ್ಯಪಿನೋರು ಮುರ್ಕೊಳ್ತಾರೆ, ಇಂಟರ್ನೆಟ್ಟು, ಪೆಟ್ರೋಲು... ಎಲ್ಲ ಕಳೆದ್ರೆ ಏನೂ ಉಳಿಯಲ್ಲ. ಮುಂದೆ ನೋಡೋಣ" ಎಂದ.

ಜಗುಲಿಯ ಮೇಲೆ ವೀಣ ಕಡಲೆಕಾಯಿ ಬಿಡಿಸುವುದನ್ನು ಬಿಟ್ಟು ತಲೆ ಎತ್ತಿದಳು.

"ಆಯ್ತು" ಎಂದಳು ಚಲುವಮ್ಮ ಎದ್ದು. "ಪಾಲು ಬ್ಯಾಡ. ನನ್ ಟಗರು ನಂಗೆ ವಾಪಸ್ ಕೊಡು. ಜೇಬಲ್ಲಿ ಆ ಫೋನು ರೆಕಾಡು ಮಾಡ್ತಾ ಅದಲ್ಲ, ನಿನ್ ಕತೆ ಕೇಳ್ದಾಗ್ಲೇ ಗೊತ್ತಾಯ್ತು, ಇದೂ ಆಗ್ಲಿ, ಆಮ್ಯಾಕೆ ಇಲ್ಲ ಅಂದ್ಬುಟ್ಟೀಯ."

ಮುಂದಿನ ಭಾನುವಾರ ವೀಣ ಮೈಕನ್ನು ಟವೆಲಿನಲ್ಲಿ ಸುತ್ತಿ ಒಬ್ಬಳೇ ಬಸ್ಸು ಹತ್ತಿ ಊರಿಗೆ ಹೋದಳು. ಅವಳೇ ಅಮ್ಮನಿಗೆ ಹೊಸ ಚಾನೆಲ್ ತೆರೆದುಕೊಟ್ಟಳು. ಹೆಸರು 'ಜುಗ್ಗಮ್ಮ'. ಒಳಮನೆಯವರು ಒಂದೆರಡು ವಾರ "ಜುಗ್ಗಮ್ಮ ಎಲ್ಲಿ?" ಎಂದು ಕೇಳಿದರು, ಆಮೇಲೆ ಅವಳು ಎಲ್ಲಿದ್ದಾಳೆಂದು ಗೊತ್ತಾಗಿ ಗುಂಪಾಗಿ ಅತ್ತ ಹೊರಟರು. ರಘುನಂದನ ಫೋನಿನಲ್ಲೇ ಆಲೆಮನೆಯ ಪರಿಮಳದ ಮೇಲೆ ಮೂರು ಕಂತು ಮಾಡಿದ. ದೀಪಾವಳಿಗೆ ಅವನಿಗೆ ಉಳಿದವರು ಇಬ್ಬರು ಮೆಂಬರ್‌ಗಳು, ಅದರಲ್ಲೊಬ್ಬ ನಿಲ್ಲಿಸುವುದನ್ನು ಮರೆತವನು.

ಹಬ್ಬ ಕಳೆದ ಮೇಲೆ ರಘುನಂದನ ಮದ್ದೂರಿನ ಬಸ್ಸು ಹತ್ತಿದ. ಪ್ರಿನ್ಸಿಪಾಲರು ಬಾಯಿ ತುಂಬ ನಕ್ಕು ಸೇರಿಸಿಕೊಂಡರು. ಸ್ಟಾಫ್ ರೂಮಿಗೆ ಕಾಲಿಟ್ಟಾಗ ಗಾಣದೆತ್ತುಗಳೆಲ್ಲ ಒಂದೇ ಮೇಜಿನ ಸುತ್ತ ತಲೆ ಸೇರಿಸಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದವು. ನಡುವೆ ಕನ್ನಡದ ಮೇಷ್ಟ್ರು ಮಹದೇವು ಅವರ ಫೋನು. ಇವನನ್ನು ಕಂಡದ್ದೇ ಮಹದೇವು ಅದನ್ನು ನಿಲ್ಲಿಸಿದರು.

"ಬನ್ನಿ ಸಾರ್ ಬನ್ನಿ. ನಿಮ್ಮತ್ತೆಯವರ ಮೆಂಬರ್‌ಗಳ ಕಂತು. ಸ್ಟಾಫೆಲ್ಲ ಗುಡ್ಡೆ ಹಾಕ್ಕೊಂಡಿದೀವಿ. ಹತ್ತೊಂಬತ್ತು ಜನ ಆಗಿದೀವಿ, ನೀವೊಬ್ರು ಸೇರಿದ್ರೆ ಲೆಕ್ಕ ಸರಿಹೋಗುತ್ತೆ. ಐದೇ ರೂಪಾಯಿ."

ಅತ್ತೆ ತನ್ನ ಬಗ್ಗೆ ಏನು ಹೇಳುತ್ತಿದ್ದಾಳೆಂದು ತಿಳಿಯದೆ ರಘುನಂದನನಿಗೆ ವಾರಗಳಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ. ವೀಣಳನ್ನು ಕೇಳಿದರೆ "ಮೆಂಬರ್ ಆಗಿ" ಎನ್ನುತ್ತಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತ.

"ಅರ್ಧ ತಿಂಗಳು ಆಗ್ಲೇ ಕಳೆದಿದೆಯಲ್ಲ ಮಹದೇವು, ಎರಡೂವರೆ ಆಗಲ್ವಾ? ಇಲ್ಲ ಅಂದ್ರೆ ನಾಳೆ ಹಾಕ್ತೀನಿ, ಈಗ ಕಂತು ಹಾಕಿ ನೋಡೋಣ."

ಮಹದೇವು ಫೋನು ಒತ್ತಿದರು. ಚಲುವಮ್ಮನ ದನಿ ಸ್ಟಾಫ್ ರೂಮನ್ನು ತುಂಬಿತು. ಮೈಕು ಒಳ್ಳೆಯದು, ಮಾತು ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತಿತ್ತು.

"...ಇಂಗದೆ ಕಣ್ರಪ್ಪ ನಮ್ಮ ರಘುನಂದನನ ಸಮಾಚಾರ. ಎಸ್ರು ಬದ್ಲಾಯ್ಸಿಲ್ಲ, ನಾನ್ಯಾಕೆ ಬದ್ಲಾಯ್ಸ್ಲಿ? ಅಂವ ಇವತ್ತಲ್ಲ ನಾಳೆ ಇದ್ನ ಕೇಳಾಕೆ ಬಂದೇ ಬತ್ತಾನೆ. ನಿಮ್ಮ ಪಕ್ಕದಲ್ಲೇನಾರ ಬಂದು ಕೂತಿದ್ರೆ ಒಸಿ ಕೇಳಿ, ಅವ್ನ ಪಾಲು ಕೊಟ್ನಾ ಅಂತ."

ಅಷ್ಟೂ ಮುಖಗಳು ಅವನ ಕಡೆ ತಿರುಗಿದವು. ರಘುನಂದನ ಐದು ರೂಪಾಯಿಗಾಗಿ ಜೇಬಿಗೆ ಕೈ ಹಾಕಿದ.