ಹೊಟ್ಟೆ ತುಂಬಿದ ಅನಾಥ

ಅವಳು ಬಾಟಲಿಯಿಂದ ಎರಡು ಹನಿ ಹಾಲನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿದಳು. ಬಿಸಿ ಹದವಾಗಿತ್ತು. ಆದರೆ ಮಡಿಲಲ್ಲಿದ್ದ ಜಿಂಕೆ ಮರಿ ಬಾಯಿ ತೆರೆಯಲಿಲ್ಲ. ನಿಪ್ಪಲ್ಲನ್ನು ತುಟಿಗೆ ತಾಗಿಸಿದಾಗಲೆಲ್ಲ ಮುಖವನ್ನು ಆಚೆ ತಿರುಗಿಸುತ್ತಿತ್ತು.

"ರಾಜಕುಮಾರಿಗೆ ನಮ್ಮ ಹೋಟ್ಲು ಹಿಡಿಸಿಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಜೀಪ್ ಡ್ರೈವರ್. ಅವನಿಗಿಂತ ಮೊದಲು ಅವನ ಮೀಸೆ ಕೋಣೆಯೊಳಗೆ ಬರುತ್ತಿತ್ತು. ಹಾಗಾಗಿ ಆಶ್ರಯಧಾಮದಲ್ಲಿ ಅವನನ್ನು ಎಲ್ಲರೂ ಕರೆಯುವುದೇ ಮೀಸೆ ಎಂದು.

"ಎರಡು ದಿನದಿಂದ ತಾಯಿ ಇಲ್ಲ ಅಂದ್ಯಲ್ಲ. ಹಸಿವು ಸತ್ತುಹೋಗಿರುತ್ತೆ," ಎಂದಳು ಅವಳು. "ನೀನು ಬಾಗಿಲು ಬಿಟ್ಟು ಆಚೆ ನಿಲ್ಲು. ನಿನ್ನ ಮೀಸೆ ನೋಡಿ ಹೆದರಿರ್ಬೇಕು."

ಗಾಯಗೊಂಡ, ತಬ್ಬಲಿಯಾದ ಕಾಡುಪ್ರಾಣಿಗಳಿಗಾಗಿ ಅಕ್ಕ ಕಟ್ಟಿದ ಜಾಗ ಅದು. ಎಂಟು ವರ್ಷದ ಹಿಂದೆ ಅವಳನ್ನು ಇಲ್ಲಿಗೆ ಕರೆತಂದವಳೂ ಅಕ್ಕನೇ. ಆಗ ಅಕ್ಕ ಹೇಳಿದ್ದು ಒಂದೇ ಮಾತು: "ತಾಯಿ ಇಲ್ಲದೆ ಬೆಳೆಯೋದು ಏನೂಂತ ನಿನಗೂ ಗೊತ್ತು, ನನಗೂ ಗೊತ್ತು. ಈ ಮರಿಗಳಿಗೆ ಅಂಥವರೇ ಬೇಕು." ಅವರ ಅಮ್ಮ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಶಾಲೆಯ ಗೇಟಿನಲ್ಲಿ ಕಾದದ್ದು, ಎಲ್ಲವೂ ಅಕ್ಕನೇ. ಆ ಒಂದು ಮಾತಿಗೆ ಅವಳು ಅಂಗಡಿಯ ಕೆಲಸ ಬಿಟ್ಟು ಬಂದಳು. ಓದಿ ನರ್ಸಾದವಳಲ್ಲ, ಆದರೂ ಮೀಸೆಯಿಂದ ಹಿಡಿದು ಎಲ್ಲರ ಬಾಯಲ್ಲೂ ಅವಳು ನರ್ಸಮ್ಮ. ಇದುವರೆಗೆ ಹನ್ನೊಂದು ಜಿಂಕೆ ಮರಿಗಳು ಅವಳ ಮಡಿಲಲ್ಲಿ ಹಾಲು ಕುಡಿದಿದ್ದವು. ಇದು ಹನ್ನೆರಡನೆಯದು.

ಗೂಬೆಯ ರೆಕ್ಕೆಗೆ ಕಟ್ಟು ಬದಲಿಸಲು ಬಂದಿದ್ದ ಪಶುವೈದ್ಯರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಊರಿಗೆ ಹೊಸಬರು, ಮಾತು ಕಡಿಮೆ.

"ಏನಂತೆ ಇದರ ಕಥೆ?"

"ಅನಾಥ ಸರ್. ತಾಯಿ ಲಾರಿಗೆ ಸಿಕ್ಕಿ ಸತ್ತು ಎರಡು ದಿನ ಆಯ್ತಂತೆ. ಹಾಲು ಮುಟ್ತಿಲ್ಲ."

ಅವರು ಮರಿಯ ಹೊಟ್ಟೆಯನ್ನು ಎರಡು ಬೆರಳಿಂದ ಒತ್ತಿದರು. ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟರು. ಅದು ತಟ್ಟನೆ ಮೊದಲಿನ ಹಾಗೆ ಕೂತಿತು. ಆಮೇಲೆ ಬಾಲ ಎತ್ತಿ ನೋಡಿದರು.

"ಹೊಟ್ಟೆ ಬಿರಿಯೋ ಹಾಗೆ ಹಾಲು ಕುಡಿದಿದೆ. ಹಸಿವಾದ್ರೆ ತಾನೇ ನಿಮ್ಮ ಬಾಟ್ಲಿ ಮುಟ್ಟೋದು? ಕೆಳಗೂ ಚೊಕ್ಕಟವಾಗಿದೆ ನೋಡಿ. ಇಷ್ಟು ಚಿಕ್ಕ ಮರಿಗೆ ತಾನಾಗಿ ಹಿಕ್ಕೆ ಹಾಕೋಕೂ ಬರಲ್ಲ. ತಾಯಿ ನೆಕ್ಕಿ ನೆಕ್ಕಿ ಹಾಕಿಸಬೇಕು. ಇದನ್ನ ಇವತ್ತು ಬೆಳಗ್ಗೆ ಯಾರೋ ನೆಕ್ಕಿದ್ದಾರೆ." ಅವರು ಮುಗುಳ್ನಕ್ಕರು. "ಸತ್ತ ತಾಯಿ ಅಂತೂ ಅಲ್ಲ."

ಅವರಿಗೆ ಅದು ಅಷ್ಟಕ್ಕೇ ಮುಗಿದ ಮಾತು. ಚೀಲ ಹೆಗಲಿಗೇರಿಸಿ ಹೊರಟುಹೋದರು.

ಅವಳು ಕೂತೇ ಇದ್ದಳು. ಮರಿಗಳನ್ನು ತಾಯಿ ನೆಕ್ಕಬೇಕು ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ತಾಯಿಯ ನಾಲಿಗೆಯ ಹಾಗೆ ಒರೆಸುತ್ತಿದ್ದವಳು ಅವಳೇ. ಬಂದ ಮರಿಗಳಲ್ಲಿ ಹೆಚ್ಚಿನವು ಚೊಕ್ಕಟವಾಗಿಯೇ ಬಂದಿದ್ದವು. ಮೊದಲ ದಿನ ಬಾಟಲಿ ಬೇಡ ಎಂದದ್ದೂ ಅವೇ. ಪಾಪ, ಮೀಸೆ ಒರೆಸಿಕೊಂಡು ತರುತ್ತಾನೆ ಎಂದು ತಾನೇ ಹೇಳಿಕೊಂಡಿದ್ದಳು. ಪಾಪ, ದುಃಖಕ್ಕೆ ಹಾಲು ಸೇರುತ್ತಿಲ್ಲ ಎಂದೂ ತಾನೇ ಹೇಳಿಕೊಂಡಿದ್ದಳು. ಯಾರೂ ಹೇಳಿಕೊಡದೆ ಇದ್ದರೂ ಎಂಟು ವರ್ಷ ಉತ್ತರಗಳು ಅವಳಿಗೆ ಎಷ್ಟು ಸಲೀಸಾಗಿ ಸಿಕ್ಕಿದ್ದವು!

ಹೊರಗೆ ಮೀಸೆ ಜೀಪಿನ ಗಾಜು ಒರೆಸುತ್ತಿದ್ದ.

"ಇದರ ತಾಯಿ ಎಲ್ಲಿ?"

"ಹೇಳಿದ್ನಲ್ಲ ನರ್ಸಮ್ಮ, ಹೆದ್ದಾರೀಲಿ..."

"ನನ್ನ ಮುಖ ನೋಡಿ ಹೇಳು."

ಅವನು ಗಾಜನ್ನೇ ನೋಡಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ನನ್ನ ಕೇಳ್ಬೇಡಿ. ದೊಡ್ಡಕ್ಕನ್ನ ಕೇಳಿ."

ಅಕ್ಕ ಆಫೀಸಿನಲ್ಲಿ ಮರುದಿನ ಬರಲಿದ್ದ ಶಾಲಾ ಮಕ್ಕಳಿಗೆ ಚೀಟಿಗಳನ್ನು ಕತ್ತರಿಸುತ್ತಿದ್ದಳು. ಒಂದೊಂದರ ಮೇಲೂ ಬಾಟಲಿ ಕುಡಿಯುವ ಜಿಂಕೆ ಮರಿಯ ಚಿತ್ರ.

"ಕುಡೀತಾ?" ಎಂದು ತಲೆ ಎತ್ತದೆ ಕೇಳಿದಳು.

"ಅದರ ಹೊಟ್ಟೆ ತುಂಬಿದೆ ಅಕ್ಕ."

ಕತ್ತರಿ ನಿಂತಿತು. ಅವರಿಬ್ಬರ ನಡುವೆ ಬಹಳ ವಿಷಯಗಳು ಹೀಗೇ, ಅರ್ಧ ಮಾತಿನಲ್ಲೇ ಮುಗಿಯುತ್ತಿದ್ದವು. ಅಕ್ಕ ಅಲ್ಲಗಳೆದರೆ ನಂಬಿಬಿಡುತ್ತೇನೆ ಎಂದು ಅವಳಿಗೆ ಅನ್ನಿಸಿತು. ಅಕ್ಕ ಅಲ್ಲಗಳೆಯಲಿಲ್ಲ.

"ಕೂತ್ಕೋ," ಎಂದಳು.

"ಎಷ್ಟು ಮರಿಗಳು?"

"ಮೊದಲ ಎರಡು ನಿಜವಾಗ್ಲೂ ಅನಾಥ. ನಿನ್ನಾಣೆ."

"ನನ್ನಾಣೆ ಬೇಡ."

ಅಕ್ಕ ಕತ್ತರಿಯನ್ನು ಬದಿಗಿಟ್ಟಳು. "ಕಣ್ಣಿಲ್ಲದ ಗೂಬೆ ನೋಡೋಕೆ ಯಾರು ಬರ್ತಾರೆ, ಹೇಳು. ಮೂರು ಕಾಲಿನ ನರಿ ಮುಂದೆ ಯಾವ ಮಗು ನಿಂತ್ಕೊಳ್ಳುತ್ತೆ? ಅನಾಥ ಮರಿ ಬರದ ವರ್ಷ ಈ ಗೇಟಿಗೆ ಬೀಗ ಬೀಳೋದ್ರಲ್ಲಿತ್ತು. ನೀನೇ ಅತ್ತಿದ್ದೆ, ಇವನ್ನೆಲ್ಲ ಎಲ್ಲಿಗೆ ಬಿಡೋದು ಅಂತ. ವರ್ಷಕ್ಕೆ ಒಂದು, ಹೆಚ್ಚಂದ್ರೆ ಎರಡು ಮರಿ. ಅದರಿಂದ ಉಳಿದ ಅರವತ್ತು ಜೀವ ಬದುಕ್ತಿವೆ. ಕಾಡಲ್ಲೇ ಬಿಟ್ಟಿದ್ರೂ ಅರ್ಧಕ್ಕರ್ಧ ಮರಿಗಳು ಯಾವುದೋ ನರಿ ಬಾಯಿಗೆ ಹೋಗ್ತಿದ್ವು."

"ನರಿ ಸುಳ್ಳು ಹೇಳಿ ತಗೊಂಡು ಹೋಗಲ್ಲ ಅಕ್ಕ."

"ಹೇಳು, ಚುಚ್ಚು. ಲೆಕ್ಕ ಬರೋದು ಒಬ್ಬಳಿಗೆ, ಮರಿ ಮುದ್ದಾಡೋದು ಇನ್ನೊಬ್ಬಳಿಗೆ. ಕೆಟ್ಟವಳು ಯಾವತ್ತೂ ಲೆಕ್ಕ ಮಾಡೋಳೇ."

ಅದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ನೋವಾಯಿತು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆ ಥರ ಸಾಕ್ತಿರಲಿಲ್ಲ."

ಕಿಟಕಿಯ ಹೊರಗೆ ಯಾವುದೋ ಹಕ್ಕಿ ತಂತಿಬಲೆಗೆ ಕೊಕ್ಕು ಕುಟ್ಟುತ್ತಿತ್ತು. ತಾಯಿಯಿಲ್ಲದ ಆ ಬಾಲ್ಯ ತಮ್ಮಿಬ್ಬರದು ಮಾತ್ರ, ಮೂರನೆಯವರಿಗೆ ಅದರಲ್ಲಿ ಪಾಲಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಅಕ್ಕ ಅದನ್ನೂ ಕೆಲಸಕ್ಕೆ ಹಚ್ಚಿದ್ದಳು.

"ನಾನು ಇದನ್ನ ವಾಪಸ್ ಬಿಟ್ಟು ಬರ್ತೀನಿ."

"ಮನುಷ್ಯರ ವಾಸನೆ ತಗುಲಿದ ಮರೀನ ತಾಯಿ ಸೇರಿಸಲ್ಲ. ಗೊತ್ತಲ್ಲ?"

ಗೊತ್ತಿತ್ತು. ನೋಡಲು ಬಂದ ನೂರಾರು ಜನರಿಗೆ ಅವಳೇ ಆ ಮಾತು ಹೇಳಿದ್ದಳು. ಆದರೆ ಅದನ್ನು ತನಗೆ ಹೇಳಿಕೊಟ್ಟವರು ಯಾರು ಎಂದು ಈಗ ನೆನಪಾಯಿತು. ಆಫೀಸಿನ ಫೋನನ್ನೇ ಎತ್ತಿ ವೈದ್ಯರಿಗೆ ಕರೆ ಮಾಡಿದಳು. "ಅದೆಲ್ಲ ಸುಳ್ಳು," ಎಂದರು ಅವರು. "ಕೆಚ್ಚಲು ತುಂಬಿರೋ ತಾಯಿ ವಾಸನೆಗೆಲ್ಲ ಮರಿ ಬಿಡಲ್ಲ. ಆದ್ರೆ ತಡ ಮಾಡ್ಬೇಡಿ. ಹುಡುಕಿ ಹುಡುಕಿ ಒಂದು ಹೊತ್ತಿಗೆ ಕೈಬಿಡುತ್ತೆ. ಇವತ್ತೇ ಹೋಗಿ."

ಅವಳು ಫೋನ್ ಇಟ್ಟಳು. ಅಕ್ಕ ಮತ್ತೆ ಕತ್ತರಿ ಎತ್ತಿಕೊಂಡಿದ್ದಳು, ಆದರೆ ಕತ್ತರಿಸುತ್ತಿರಲಿಲ್ಲ.

ಮರಿಯನ್ನು ಎತ್ತಿಕೊಂಡು ಜೀಪಿನ ಹತ್ತಿರ ಬಂದಾಗ ಮೀಸೆ, "ದೊಡ್ಡಕ್ಕ ಹೂಂ ಅಂದ್ರಾ?" ಎಂದ.

"ಇಲ್ಲ."

ಅವನು ಸ್ವಲ್ಪ ಹೊತ್ತು ಮೀಸೆ ತಿರುವಿದ. ಆಮೇಲೆ ಬಾಗಿಲು ತೆರೆದ.

"ತಾಯಿ ಅಲ್ಲೇ ಇತ್ತು," ಎಂದ ಅವನು ಅರ್ಧ ದಾರಿಯಲ್ಲಿ, ಇದ್ದಕ್ಕಿದ್ದಂತೆ. "ಜೀಪಿನ ಹಿಂದೆ ಸ್ವಲ್ಪ ದೂರ ಓಡಿ ಬಂತು."

"ಪ್ರತಿ ಸಲಾನೂ?"

"ಗೊತ್ತಿಲ್ಲ ನರ್ಸಮ್ಮ. ಮೂರನೇದರ ಮೇಲೆ ನಾನು ಕನ್ನಡಿ ನೋಡೋದು ಬಿಟ್ಟೆ."

ಗುಡ್ಡದ ಹಿಂದೆ ಎದೆಮಟ್ಟದ ಹುಲ್ಲು. ಮರಿ ಸಿಕ್ಕ ಜಾಗವನ್ನು ಮೀಸೆ ಹುಡುಕಬೇಕಾಗಿ ಬರಲಿಲ್ಲ. ಅಲ್ಲಿ ಹುಲ್ಲು ದುಂಡಗೆ ತುಳಿದುಹೋಗಿತ್ತು. ಒಂದೇ ಜಿಂಕೆಯ ಗೊರಸಿನ ಗುರುತು, ಬೆಳಗಿನಿಂದ ಎಷ್ಟು ಸುತ್ತು ಹಾಕಿತ್ತೋ. ಅವಳು ಮರಿಯನ್ನು ನಡುವೆ ಮಲಗಿಸಿದಳು. ಗಾಳಿ ತಮ್ಮ ಕಡೆಗೆ ಬೀಸುವಂತೆ ನೋಡಿಕೊಂಡು ಇಬ್ಬರೂ ದೂರದ ಬಂಡೆಯ ಹಿಂದೆ ಕೂತರು. ಬಿಸಿಲು ಇಳಿಯುತ್ತ ಬಂತು. "ಬರದಿದ್ರೆ?" ಎಂದ ಮೀಸೆ.

ಅದು ಬಂದಾಗ ಸದ್ದೇ ಆಗಲಿಲ್ಲ. ಹುಲ್ಲಿನ ಮೇಲೆ ಎರಡು ಕಿವಿ ಎದ್ದವು, ಅಷ್ಟೆ. ಮುಂಗಾಲನ್ನು ನೆಲಕ್ಕೆ ಬಡಿಯಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂತು. ಮರಿ ಎದ್ದು ತಡವರಿಸುತ್ತ ಹೋಗಿ ಕೆಚ್ಚಲಿಗೆ ಹಣೆಯಿಂದ ಗುದ್ದಿತು. ತಾಯಿ ಕತ್ತು ಬಳಸಿ ಅದರ ಬಾಲದ ಕೆಳಗೆ ನೆಕ್ಕಲು ಶುರುಮಾಡಿತು, ಅವಸರದಲ್ಲಿ, ಬಿಟ್ಟುಹೋದ ಕೆಲಸ ಮುಗಿಸುವವಳ ಹಾಗೆ.

ಮೀಸೆ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಅವಳಿಗೆ ಅಳು ಬರಲಿಲ್ಲ. ಉಳಿದ ತಾಯಂದಿರು ತುಳಿದ ಹುಲ್ಲು ಯಾವ ಯಾವ ಗುಡ್ಡದ ಹಿಂದೆ ಇದ್ದಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು.

ಮರುದಿನ ಹತ್ತು ಗಂಟೆಗೆ ನಲವತ್ತು ಮಕ್ಕಳು ಖಾಲಿ ಬೇಲಿಯ ಮುಂದೆ ಸಾಲಾಗಿ ನಿಂತಿದ್ದರು. ಅಕ್ಕ ಮೈಕ್ ಹಿಡಿದಿದ್ದಳು. ರಾತ್ರಿಯಿಂದ ಅಕ್ಕ ತಂಗಿಯರು ಒಂದು ಮಾತೂ ಆಡಿರಲಿಲ್ಲ.

"ಜಿಂಕೆ ಮರಿ ಎಲ್ಲಿ ಆಂಟಿ?" ಎಂದು ಮುಂದಿದ್ದ ಹುಡುಗಿ ಕೇಳಿದಳು.

ಅಕ್ಕ ನಕ್ಕಳು. ಅದೇ ಚೆಂದದ ನಗು. "ಅದರ ಅಮ್ಮ ಹುಡುಕಿಕೊಂಡು ಬಂದು ಕರ್ಕೊಂಡು ಹೋದ್ಲು ಪುಟ್ಟಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಈ ಸುಳ್ಳು ಎಷ್ಟು ಮುದ್ದಾಗಿದೆ, ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು. ಅವಳು ಮುಂದೆ ಬಂದು ಮಂಡಿಯೂರಿ ಆ ಹುಡುಗಿಯ ಎತ್ತರಕ್ಕೆ ಕೂತಳು.

"ಹಾಗಲ್ಲ ಕಂದ. ಅದಕ್ಕೆ ಅಮ್ಮ ಇದ್ಲು. ನಾವು ಕದ್ದು ತಂದಿದ್ವಿ. ನಿನ್ನೆ ವಾಪಸ್ ಕೊಟ್ವಿ."

ಟೀಚರ್ ಅಕ್ಕನ ಮುಖ ನೋಡಿದರು. ಅಕ್ಕನ ಕೈಯಲ್ಲಿದ್ದ ಮೈಕ್ ಮೆಲ್ಲಗೆ ಕೆಳಗಿಳಿಯಿತು.

ಹುಡುಗಿ ಖಾಲಿ ಬೇಲಿಯ ಕಡೆ ನೋಡಿದಳು. "ಕದಿಯುವಾಗ ಅದು ಅಳ್ಲಿಲ್ವಾ?"

"ಇಲ್ಲ. ಹೆದರಿದಾಗ ಜಿಂಕೆ ಮರಿ ಕೂಗಲ್ಲ, ಕದಲೋದೂ ಇಲ್ಲ. ಸುಮ್ಮನೆ ಮಲಗಿಬಿಡುತ್ತೆ." ಅವಳು ತಲೆ ಎತ್ತಿ ಅಕ್ಕನ ಕಡೆ ನೋಡಿದಳು. "ನಾವು ಅದನ್ನ ಪ್ರೀತಿ ಅಂದ್ಕೊಂಡ್ವಿ."

ಅಕ್ಕ ಮೈಕನ್ನು ಆರಿಸಿ, ಹುಡುಗಿಯ ಕೈ ಹಿಡಿದು, "ಬಾ," ಎಂದಳು. "ನಮ್ಮಲ್ಲಿ ಮೂರು ಕಾಲಿನ ನರಿಯೊಂದಿದೆ."